ಮಹಾಯಾಜಕನ ಮೂಗು

ನದಿ ಸಮುದ್ರ ಸೇರುವುದಕ್ಕೆ ಸ್ವಲ್ಪ ಮೊದಲು ಒಂದು ದೋಣಿಕಟ್ಟೆ. ಅದರ ಮೇಲಿನ ಪುಟ್ಟ ಮನೆಯಲ್ಲಿ ಯೂಲಾಲಿಯಾ ರೇಗೊ ಇದ್ದರು.

ಅವರು ಇತಿಹಾಸದ ಪ್ರಾಧ್ಯಾಪಕಿ. ಯೆಹೂದಿಗಳೂ ಕ್ರೈಸ್ತರೂ ಶತಮಾನಗಳುದ್ದಕ್ಕೂ ಹೇಗೆ ಒಟ್ಟಿಗೆ ಬಾಳಿದರು, ಹೇಗೆ ಬಾಳಗೊಡಲಿಲ್ಲ ಎಂಬುದು ಅವರ ವಿಷಯ. ಹೊರದೇಶದಲ್ಲಿ ಕಲಿತರು. ಅಲ್ಲೇ ಸಿಕ್ಕಿದ ಹುದ್ದೆಯನ್ನು ಬಿಟ್ಟು ಕರಾವಳಿಯ ಕಾಲೇಜೊಂದಕ್ಕೆ ಬಂದರು. ನಿವೃತ್ತಿಯಾದ ಮೇಲೂ ಪಾಠ ನಿಲ್ಲಲಿಲ್ಲ. ಕ್ಲಾಸಿನಿಂದ ಜಗಲಿಗೆ ಬಂತು, ಅಷ್ಟೆ.

ವಿದ್ಯಾರ್ಥಿಗಳು ಅವರನ್ನು ರೇಗೊ ಟೀಚರ್ ಎನ್ನುತ್ತಿದ್ದರು. ರೇಗುವುದು ಹೆಸರಿನಲ್ಲಿ ಇತ್ತೇ ಹೊರತು ಅವರು ರೇಗಿದ್ದನ್ನು ಯಾರೂ ಕಂಡಿರಲಿಲ್ಲ.

ಒಂದು ದಿನ ವಲೇರಿಯನ್ ಮಥಾಯಸ್ ಎಂಬ ಯುವಕ ದೋಣಿ ಇಳಿದು ಬಂದ. ಹೊಳೆಯಾಚೆಯ ಊರಿನವನು, ಕಾಲೇಜಿನಲ್ಲಿ ಇತಿಹಾಸದ ಹೊಸ ಉಪನ್ಯಾಸಕ. ಟೀಚರ ಬಳಿ ಸಂಶೋಧನೆ ಮಾಡಬೇಕೆಂಬ ಆಸೆ.

"ಟೀಚರ್, ಒಂದು ಸಂಶಯ ಉಂಟು. ನಮ್ಮ ಊರಲ್ಲಿ ಯೆಹೂದಿಗಳೇ ಇಲ್ಲ. ಇಲ್ಲಿ ಕೂತು ಈ ವಿಷಯ ಓದುವುದು ಯಾಕೆ?"

"ನಿಮ್ಮ ಚರ್ಚಿನಲ್ಲಿ ಈಸ್ಟರಿಗೆ ಮೊದಲು ಯೇಸುವಿನ ಯಾತನೆಯ ನಾಟಕ ಆಡುತ್ತಾರಾ?"

"ಪ್ರತಿ ವರ್ಷ."

"ಅದರಲ್ಲಿ ಯೆಹೂದಿಗಳು ಇದ್ದಾರಾ?"

"ಬೇಕಾದಷ್ಟು."

"ಹಾಗಾದರೆ ಇದ್ದಾರಲ್ಲ" ಎಂದರು ಟೀಚರ್.

ವಲೇರಿಯನ್ ಅವರ ಶಿಷ್ಯನಾದ.

ಆ ವರ್ಷ ಇನ್ನೊಬ್ಬಳು ಶಿಷ್ಯೆಯೂ ಬಂದಳು. ಹುಬ್ಬಳ್ಳಿಯವಳು. ತಂದೆ ರೈಲ್ವೆಯಲ್ಲಿ ಇದ್ದವರು. ಮನೆಮಾತು ಮರಾಠಿ, ಬೀದಿಯ ಮಾತು ಕನ್ನಡ, ಪ್ರಾರ್ಥನೆ ಹೀಬ್ರೂ. ಹೆಸರು ಸಿಮ್ಹಾ ಅಷ್ಟಮ್ಕರ್.

"ಸಿಂಹವಾ?" ವಲೇರಿಯನ್ ಕೇಳಿದ.

"ಸಿಂಹ ಅಲ್ಲ, ಸಿಮ್ಹಾ. ಹೀಬ್ರೂದಾಗ ಸಂತೋಷ ಅಂತ ಅರ್ಥ" ಎಂದಳು ಅವಳು. "ಆದರ ಹಂಗ ತಿಳ್ಕೊಂಡ್ರೂ ನಡೀತದ. ಕಾಲೇಜಿನಾಗ ಯಾರೂ ನನ್ನ ತಂಟೆಗೆ ಬರೂದಿಲ್ಲ."

ಅವಳು ವಲೇರಿಯನ್ ಕಂಡ ಮೊದಲ ಯೆಹೂದಿ. ಮೊದಲ ವಾರವೆಲ್ಲ ಅವನು ಅವಳೊಡನೆ ಗಾಜಿನ ಪಾತ್ರೆ ಹಿಡಿದವನ ಹಾಗೆ ಮಾತಾಡಿದ. ಎರಡನೆಯ ವಾರ ಅವಳು ಕೇಳದೆ ಅವನ ಬುತ್ತಿಯಿಂದ ಮೀನು ತೆಗೆದು ತಿಂದಳು. ಅಲ್ಲಿಂದ ಸರಿಹೋಯಿತು.

ಗರಿಗಳ ಭಾನುವಾರ ಬಂತು. ಯೇಸು ಜೆರುಸಲೇಮಿಗೆ ಬಂದದ್ದನ್ನು ನೆನೆದು ತೆಂಗಿನ ಎಳೆಗರಿ ಹಿಡಿದು ಮೆರವಣಿಗೆ ಹೋಗುವ ದಿನ. ಸಂಜೆ ಚರ್ಚಿನ ಮೈದಾನದಲ್ಲಿ ನಾಟಕ. ಸಿಮ್ಹಾ ತಾನೂ ನೋಡಬೇಕು ಎಂದಳು. ವಲೇರಿಯನ್ ಹೂಂ ಎಂದು ಕರೆದುಕೊಂಡು ಹೋದ. ಚಿಕ್ಕಂದಿನಿಂದ ನೋಡಿದ ನಾಟಕ. ಅದರಲ್ಲಿ ಏನಿದೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಮಹಾಯಾಜಕನ, ಎಂದರೆ ಯೇಸುವನ್ನು ರೋಮಿನವರಿಗೆ ಒಪ್ಪಿಸಿದ ಯೆಹೂದಿಗಳ ದೊಡ್ಡ ಪುರೋಹಿತನ ಪಾತ್ರ ಲಿಗೋರಿ ಬಾಪ್ಪುವಿನದು. ಅವರು ಊರಿಗೆಲ್ಲ ಬಾಪ್ಪು, ಎಂದರೆ ಚಿಕ್ಕಪ್ಪ. ಕಾಗದದ ಮುದ್ದೆಯಲ್ಲಿ ಮಾಡಿದ, ಗಿಳಿಯ ಕೊಕ್ಕಿನ ಹಾಗೆ ಬಾಗಿದ ದೊಡ್ಡ ಮೂಗು ಕಟ್ಟಿಕೊಂಡು ಅವರು ರಂಗಕ್ಕೆ ಬಂದರು. ಹಿಂದೆ ಅಂಥದೇ ಮೂಗಿನ ಗುಂಪು. ಅವರು "ಶಿಲುಬೆಗೆ ಹಾಕಿ" ಎಂದು ಕೂಗಿದರೆ ಮುಂದೆ ಕೂತ ಮಕ್ಕಳು ಹುಣಸೆ ಬೀಜ ಎಸೆಯಬೇಕು. ಅದು ರೂಢಿ. ದೊಡ್ಡವರು ನಗಬೇಕು. ಅದೂ ರೂಢಿ.

ಸಿಮ್ಹಾಳ ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಅವಳ ಕೈಗೆ ಒಂದಷ್ಟು ಬೀಜ ಹಾಕಿದಳು.

"ಅಕ್ಕ, ನೀವೂ ಬಿಸಾಡಿ."

"ಯಾರಿಗೆ?"

"ಯೆಹೂದಿಗಳಿಗೆ."

ಸಿಮ್ಹಾ ಕೈ ಮುಚ್ಚಿದಳು. ನಾಟಕ ಮುಗಿಯುವವರೆಗೂ ತೆರೆಯಲಿಲ್ಲ.

ವಾಪಸು ಬರುವಾಗ ದೋಣಿಯಲ್ಲಿ ವಲೇರಿಯನ್ ತಲೆ ತಗ್ಗಿಸಿ ಕೂತಿದ್ದ.

ಸಿಮ್ಹಾ ಬೀಜಗಳನ್ನು ನೀರಿಗೆ ಬಿಟ್ಟಳು. "ನನ್ನ ಗುರಿ ಸರಿ ಇಲ್ಲ" ಎಂದಳು. "ಇಲ್ಲಂದ್ರ ಒಗೀತಿದ್ದೆ."

ಅವಳು ನಕ್ಕಳು. ಅವನಿಗೆ ನಗಲಾಗಲಿಲ್ಲ.

ಮರುದಿನ ವಲೇರಿಯನ್ ಟೀಚರ ಜಗಲಿಯಲ್ಲಿ ಎಲ್ಲವನ್ನೂ ಹೇಳಿದ.

"ನೀವು ಯಾಕೆ ಇದನ್ನೇ ಓದಲು ಹೋದಿರಿ ಟೀಚರ್?" ಎಂದು ಕೇಳಿದ.

ಟೀಚರ್ ಬೆಂಡೆಕಾಯಿ ಹೆಚ್ಚುತ್ತಿದ್ದರು.

"ನಾನು ಸಂತರ ಚರಿತ್ರೆ ಓದಲು ಹೋದವಳು. ಬಾಡಿಗೆಗೆ ಇದ್ದದ್ದು ಒಬ್ಬ ಯೆಹೂದಿ ಅಜ್ಜಿಯ ಮನೆಯಲ್ಲಿ. ಒಳ್ಳೆಯ ಹೆಂಗಸು, ದಿನಾ ಸೂಪು ಕೊಡುತ್ತಿದ್ದರು. ಈಸ್ಟರಿನ ಹಿಂದಿನ ಶುಕ್ರವಾರ ನಾನು ಚರ್ಚಿನಿಂದ ಬಂದಾಗ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಹೊರಗೆ ಒಳ್ಳೆಯ ಬಿಸಿಲು. ಯಾಕೆ ಎಂದು ಕೇಳಿದೆ."

"ಏನು ಹೇಳಿದರು?"

"ಅಭ್ಯಾಸ ಮಗಳೇ, ಎಂದರು. ಅವರ ಅಜ್ಜಿ ಮುಚ್ಚುತ್ತಿದ್ದರಂತೆ. ಆ ಅಜ್ಜಿಯ ಅಜ್ಜಿಯೂ. ಆ ದಿನ ಚರ್ಚಿನಿಂದ ಹೊರಗೆ ಬಂದವರು ನೇರ ಇವರ ಬೀದಿಗೆ ಕಲ್ಲು ಹಿಡಿದು ಬರುತ್ತಿದ್ದ ಕಾಲ ಇತ್ತು."

ಟೀಚರ್ ಇನ್ನೊಂದು ಬೆಂಡೆಕಾಯಿ ಎತ್ತಿಕೊಂಡರು.

"ಸಂತರನ್ನು ಅಲ್ಲಿಗೇ ಬಿಟ್ಟೆ. ಅವರಿಗೆ ಬೇಸರವಾಗಿರಲಿಕ್ಕಿಲ್ಲ."

"ಈಗ ನಾನು ಏನು ಮಾಡಲಿ?"

ಟೀಚರ್ ಹೆಚ್ಚಿದ ಬೆಂಡೆಕಾಯಿಯ ತಟ್ಟೆಯನ್ನು ಅವನ ಕೈಗಿಟ್ಟರು. "ಇದನ್ನು ಒಳಗೆ ಇಡು. ಆಮೇಲೆ ನಿಮ್ಮ ಫಾದರನ್ನು ನೋಡು."

ಫಾದರ್ ಅಲೋಶಿಯಸ್ ಆ ಚರ್ಚಿಗೆ ಹೊಸಬರು. ವಲೇರಿಯನ್ ಹೇಳಿದ್ದನ್ನೆಲ್ಲ ಕೇಳಿ ಕೆನ್ನೆ ತುರಿಸಿಕೊಂಡರು.

"ತೆಗೆಯಿರಿ ಎಂದು ಹೇಳುವುದು ಸುಲಭ ಮಾರಾಯ. ಮುಂದಿನ ವರ್ಷದ್ದು ನೀನೇ ಬರೆದುಕೊಡು."

ವಲೇರಿಯನ್ ಮಳೆಗಾಲವೆಲ್ಲ ಬರೆದ. ಮೂಗಿಲ್ಲ, ಗುಂಪಿಲ್ಲ, ಮಹಾಯಾಜಕನಿಲ್ಲ. ಯೆಹೂದಿ ಎಂಬ ಶಬ್ದವೇ ಇಲ್ಲ. ಯಾರಿಗೂ ನೋವಾಗಲಾರದು ಎಂದು ಸಮಾಧಾನವಾಯಿತು. ತಂದು ಟೀಚರಿಗೆ ಓದಿ ತೋರಿಸಿದ.

ಟೀಚರ್ ಕಣ್ಣು ಮುಚ್ಚಿ ಕೇಳಿದರು.

"ಯೆಹೂದಿಗಳು ಎಲ್ಲಿ?"

"ಎಲ್ಲರನ್ನೂ ತೆಗೆದುಬಿಟ್ಟೆ ಟೀಚರ್. ಒಬ್ಬರೂ ಇಲ್ಲ."

"ಒಬ್ಬರೂ ಇಲ್ಲದ ಹಾಗೆ ಮಾಡುವ ಕೆಲಸವನ್ನು ಬೇರೆಯವರೂ ಮಾಡಿದ್ದಾರೆ ವಲೇರಿಯನ್" ಎಂದರು ಟೀಚರ್.

ಅವನು ಕಾಗದಗಳನ್ನು ಮಡಚಿಕೊಂಡು ಎದ್ದ. ಆ ದಿನ ದೋಣಿ ಹತ್ತದೆ ದಡದ ಮೇಲೆ ಬಹಳ ಹೊತ್ತು ಕೂತ.

ಮತ್ತೆ ಬರೆದ. ಈ ಸಲ ಯೆಹೂದಿಗಳು ತುಂಬಿದ್ದರು. ಎಲ್ಲರೂ ಒಳ್ಳೆಯವರು, ಎಲ್ಲರೂ ಮೃದುವಾಗಿ ಮಾತಾಡುವವರು. ಯೇಸುವನ್ನು ಕಂಡಲ್ಲೆಲ್ಲ ಕಣ್ಣೀರು ಒರೆಸಿಕೊಳ್ಳುವವರು.

ಟೀಚರ್ ಅದನ್ನು ತಾವು ಕೇಳದೆ ಸಿಮ್ಹಾಳಿಗೆ ಕೊಟ್ಟರು. ಅವಳು ಓದಿದಳು. ಮೊದಲು ತುಟಿ ಕಚ್ಚಿಕೊಂಡಳು, ಆಮೇಲೆ ಜಗಲಿಯ ಕಂಬ ಹಿಡಿದು ನಕ್ಕಳು.

"ಇವ್ರು ಯಾರು? ಇದರಾಗ ನನ್ನ ಒಬ್ಬ ಸೋದರಮಾವನೂ ಇಲ್ಲ. ಒಬ್ಬರಾದ್ರೂ ಜಗಳಾ ಆಡೂದಿಲ್ಲ."

ವಲೇರಿಯನ್‌ಗೆ ಮುಖ ಕೆಂಪಾಯಿತು. "ಟೀಚರ್, ಕೆಟ್ಟವರು ಎಂದು ಬರೆದರೆ ತಪ್ಪು. ಒಳ್ಳೆಯವರು ಎಂದು ಬರೆದರೂ ತಪ್ಪಾ?"

"ನೀನು ಅವರ ಮನೆಯಲ್ಲಿ ಊಟ ಮಾಡಿದ್ದೀಯಾ?"

"ಇಲ್ಲ."

"ಹಸಿದುಕೊಂಡು ಬರೆದರೆ ಹೀಗೇ ಆಗುವುದು" ಎಂದರು ಟೀಚರ್.

ಒಂದು ಶುಕ್ರವಾರ ಸಂಜೆ ಅವನು ಸಿಮ್ಹಾಳ ಜೊತೆ ಹುಬ್ಬಳ್ಳಿಯಲ್ಲಿ ಇಳಿದ. ಅವಳ ತಾಯಿ ಸೆಗುಲಾಬಾಯಿ ಬಾಗಿಲಲ್ಲೇ ನಿಂತಿದ್ದರು.

"ಬರ್ರಿ, ಬರ್ರಿ. ಲಗೂನ ಕೈಕಾಲು ತೊಳ್ಕೋರಿ. ಹೊತ್ತು ಮುಳುಗಿದ್ರ ದೀಪಾ ಹಚ್ಚೂ ಹಂಗಿಲ್ಲ."

ಅವರ ವಿಶ್ರಾಂತಿಯ ದಿನ ಶುಕ್ರವಾರದ ಸಂಜೆಗೇ ಶುರುವಾಗುತ್ತದೆ, ಆಮೇಲೆ ಬೆಂಕಿ ಹೊತ್ತಿಸುವಂತಿಲ್ಲ. ದೀಪ ಹಚ್ಚಿದರು. ಒಣದ್ರಾಕ್ಷಿಯ ಶರಬತ್ತಿನ ಲೋಟ ಹಿಡಿದು ಸಿಮ್ಹಾಳ ತಂದೆ ಹೀಬ್ರೂವಿನಲ್ಲಿ ಪ್ರಾರ್ಥನೆ ಹೇಳಿದರು. ಅವರು ಒಂದು ಸಾಲಿಗೆ ರಾಗ ಎಳೆದದ್ದು ತಪ್ಪು ಎಂದು ಸೋದರಮಾವ ತಡೆದರು. ತಪ್ಪಲ್ಲ ಎಂದು ತಂದೆ. ತಪ್ಪೇ ಎಂದು ಇನ್ನೊಬ್ಬ ಸೋದರಮಾವ. ಶರಬತ್ತು ಕೈಯಲ್ಲೇ ಇತ್ತು. ಯಾರಿಗೂ ಸಿಟ್ಟು ಬರಲಿಲ್ಲ, ಯಾರೂ ಬಿಟ್ಟುಕೊಡಲೂ ಇಲ್ಲ.

ಊಟದ ಮಧ್ಯೆ ಸೆಗುಲಾಬಾಯಿ ಕೇಳಿದರು. "ನೀವು ಬರೆದ ನಾಟಕದಾಗ ನಮ್ಮ ಮಂದಿ ಏನು ಮಾಡ್ತಾರ್ರೀ?"

"ಸುಮ್ಮನೆ ನಿಂತಿರುತ್ತಾರೆ."

"ನಮ್ಮ ಮಂದಿ? ಸುಮ್ನ?" ಅವರು ಗಂಡನ ಕಡೆ ನೋಡಿದರು. "ಯಾವಾಗ ನಿಂತಿದ್ದರು ಇವ್ರು ಸುಮ್ನ?"

ಎಲ್ಲರೂ ನಕ್ಕರು. ವಲೇರಿಯನ್ ಕೂಡ.

"ಆ ಕಥಿ ನಡೆದದ್ದು ನಮ್ಮ ಪಾಸ್ಖ ಹಬ್ಬದಾಗ, ಹೌದಿಲ್ಲೋ?" ಸೆಗುಲಾಬಾಯಿ ಅವನ ತಟ್ಟೆಗೆ ಅನ್ನ ಬಡಿಸಿದರು. "ನಾ ಸಣ್ಣಾಕಿ ಇದ್ದಾಗ ಹಬ್ಬಕ್ಕ ಬೊಂಬಾಯಿಗೆ ಹೋಗ್ತಿದ್ದಿವಿ. ರೈಲು ತುಂಬ ಮಂದಿ. ಓಣಿ ತುಂಬ ಮಂದಿ. ಹಬ್ಬಕ್ಕ ಹೊಸಾ ಗಡಿಗಿ ಬೇಕು. ನಮ್ಮವ್ವ ಗಡಿಗಿ ನನ್ನ ಕೈಯಾಗ ಕೊಟ್ಟು, ಒಡದೀ ಜ್ವಾಕಿ ಅಂತಿದ್ದಳು. ಒಮ್ಮೆ ಆ ಗದ್ದಲದಾಗ ಪೊಲೀಸರು ಒಬ್ಬ ಮನುಷ್ಯಾನ್ನ ಹಿಡಕೊಂಡು ಹೊಂಟಿದ್ದರು. ಬಡೀತಿದ್ದರು. ನನ್ನ ಮುಂದನ ಹಾದು ಹೋದ."

"ಯಾರು ಅವನು?"

"ಯಾರಿಗೆ ಗೊತ್ರೀ? ನಾ ಅವನ್ನ ನೋಡಲೇ ಇಲ್ಲ. ಗಡಿಗಿ ನೋಡಿದೆ."

ವಲೇರಿಯನ್ ಕೈ ತಟ್ಟೆಯಲ್ಲಿ ನಿಂತಿತು.

"ಯಾಕ್ರೀ, ಖಾರ ಆತೇನು?"

"ಇಲ್ಲ ಅಮ್ಮ" ಎಂದ ಅವನು. "ಇನ್ನೊಮ್ಮೆ ಹೇಳಿ."

ಮೂರನೆಯ ನಾಟಕವನ್ನು ಅವನು ತಡೆಯಿಲ್ಲದೆ ಬರೆದ. ಟೀಚರ್ ಕೇಳಿ, ಎದ್ದು ಒಳಗೆ ಹೋದರು. ಒಂದು ಲೋಟ ಪಾನಕ ಮಾಡಿಕೊಟ್ಟರು. ಅವರು ಯಾರಿಗೂ ಸುಮ್ಮಸುಮ್ಮನೆ ಪಾನಕ ಮಾಡುವವರಲ್ಲ.

ಆದರೆ ತಾಲೀಮು ಶುರುವಾಗುವ ಹೊತ್ತಿಗೆ ಲಿಗೋರಿ ಬಾಪ್ಪು ಪಟ್ಟು ಹಿಡಿದರು.

"ಮಾತು ಎಷ್ಟು ಬೇಕಾದರೂ ಬದಲಾಯಿಸಿ. ಮೂಗು ಬಿಡಲಿಕ್ಕೆ ಆಗುವುದಿಲ್ಲ. ನನ್ನ ಅಪ್ಪ ಕಟ್ಟಿದ ಮೂಗು ಇದು. ಮೂಗಿಲ್ಲದೆ ನಾನು ಮಹಾಯಾಜಕ ಆಗುವುದು ಹೇಗೆ?"

ನಾಟಕ ಸಮಿತಿಯವರೂ ಅವರ ಪರ. ಬಾಪ್ಪು ಇಲ್ಲದೆ ನಾಟಕವಿಲ್ಲ ಎಂದರು. ಫಾದರ್ ಕೆನ್ನೆ ತುರಿಸಿಕೊಂಡರು. ವಲೇರಿಯನ್ ದೋಣಿ ಹಿಡಿದು ಓಡಿಬಂದ.

"ಎಲ್ಲ ಮುಗಿಯಿತು ಟೀಚರ್. ಒಂದು ಮೂಗಿಗಾಗಿ."

ಟೀಚರ್ ಕೊಡೆ ತೆಗೆದುಕೊಂಡು ಹೊರಟರು. ನೇರ ಬಾಪ್ಪುವಿನ ಮನೆಗೆ.

"ಲಿಗೋರಿಯವರೇ, ಈ ಮೂಗು ನೀವೇ ಮಾಡುವುದಾ?"

"ಅಪ್ಪನಿಂದ ಕಲಿತದ್ದು" ಎಂದರು ಬಾಪ್ಪು, ಸ್ವಲ್ಪ ಬಿಗಿಯಾಗಿ.

"ಚೆಂದ ಆಗಿದೆ. ನನಗೆ ಇನ್ನೂ ಒಂದಷ್ಟು ಬೇಕಿತ್ತು. ಮಾಡಿಕೊಡುತ್ತೀರಾ?"

ಬಾಪ್ಪುವಿನ ಮುಖ ಅರಳಿತು. ವಲೇರಿಯನ್ನ ಮುಖ ಬಾಡಿತು.

ಮುಂದಿನ ತಾಲೀಮಿಗೆ ಬಾಪ್ಪು ಒಂದು ಬುಟ್ಟಿ ತುಂಬ ಮೂಗು ತಂದರು. ಒಂದಕ್ಕಿಂತ ಒಂದು ಅಂದ. ಟೀಚರ್ ಬುಟ್ಟಿಯನ್ನು ತಮ್ಮ ಮುಂದಿಟ್ಟುಕೊಂಡು ಕೂತರು.

"ಯೇಸುವಿನ ಪಾತ್ರ ಯಾರದ್ದು? ಬಾ ಮಗ. ಇದು ನಿನಗೆ."

ಯೇಸುವಾಗುವ ಹುಡುಗ ಮೂಗನ್ನು ಕೈಯಲ್ಲಿ ಹಿಡಿದು ಬಾಪ್ಪುವಿನ ಕಡೆ ನೋಡಿದ.

"ಇದು ಶಿಷ್ಯ ಪೇತ್ರನಿಗೆ. ಇದು ಯೋಹಾನನಿಗೆ. ಮಾತೆ ಮರಿಯಮ್ಮ ಯಾರು? ಬಾ, ನಿನಗೊಂದು ಸಣ್ಣದು."

ಸಮಿತಿಯ ಹಿರಿಯರೊಬ್ಬರು ಎದ್ದು ನಿಂತರು. "ಟೀಚರ್, ಇದು ದೇವಮಾತೆಗೆ ಅವಮಾನ."

"ಅವರು ಯೆಹೂದಿ ಹೆಂಗಸಲ್ಲವಾ?"

"ಹೌದು. ಆದರೆ..."

"ಮಗನಿಗೆ ತಾಯಿಯ ಮೂಗು ಬರಬೇಕಲ್ಲ" ಎಂದರು ಟೀಚರ್. "ಎಲ್ಲರೂ ಒಂದೇ ಜನ. ಮರಿಯಮ್ಮನಿಗೆ ಅವಮಾನವಾಗುವ ಮೂಗು ಮರಿಯಮ್ಮನ ನೆಂಟರಿಗೆ ಸರಿ ಹೇಗೆ?"

ಮರಿಯಮ್ಮನ ಪಾತ್ರದ ಹುಡುಗಿ ಅಂಗೈಯಲ್ಲಿ ಮೂಗು ಇಟ್ಟುಕೊಂಡು ನಿಂತೇ ಇದ್ದಳು.

ಬಾಪ್ಪು ಅವಳನ್ನು ನೋಡಿದರು. ಯೇಸುವನ್ನು ನೋಡಿದರು. ತಮ್ಮ ಮೂಗಿನ ದಾರವನ್ನು ಕಿವಿಯ ಹಿಂದಿನಿಂದ ಮೆಲ್ಲಗೆ ಬಿಚ್ಚಿದರು. ಹುಡುಗಿಯ ಕೈಯಿಂದಲೂ ಮೂಗು ತೆಗೆದುಕೊಂಡು ಎರಡನ್ನೂ ಬುಟ್ಟಿಗೆ ಹಾಕಿದರು.

"ನನ್ನ ಕೈಯಿಂದ ಇದು ಆಗುವುದಿಲ್ಲ" ಎಂದರು. "ಯಾರಿಗೂ ಬೇಡ."

"ಅದು ನಿಮ್ಮ ತೀರ್ಮಾನ" ಎಂದರು ಟೀಚರ್.

ಫಾದರಿಗೆ ಮೊದಲು ನಗು ಬಂತು. ಆಮೇಲೆ ಯೇಸುವಿಗೆ. ಕೊನೆಗೆ ಬಾಪ್ಪು ಕೂಡ ನಕ್ಕರು. ಸ್ವಂತ ಮೂಗನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಇದೂ ಏನೂ ಕಡಿಮೆ ಇಲ್ಲ ಎಂದರು.

ತಾಲೀಮು ನೋಡಲು ಬಂದಿದ್ದ ಸಿಮ್ಹಾ ಮುಂದೆ ಬಂದಳು.

"ಗಡಿಗಿ ಹಿಡಕೊಂಡಾಕಿ ಪಾತ್ರ ನನಗ ಕೊಡ್ರಿ. ಇಷ್ಟು ಮಂದಿ ನಕಲಿ ಯೆಹೂದಿಗಳ ನಡುವ ಒಬ್ಬಾಕಿಯಾದ್ರೂ ಅಸಲಿ ಇರಲಿ."

"ಮನೆಯಲ್ಲಿ ಕೇಳಿದ್ದೀಯಾ?" ಎಂದು ಫಾದರ್ ಕೇಳಿದರು.

"ಅವ್ವ ಹೂಂ ಅಂದಳು. ಸೋದರಮಾವಂದ್ರು ಇನ್ನೂ ವಾದ ಮಾಡ್ಲಿಕತ್ತಾರ. ಅದು ಮುಗಿಯೂದ್ರಾಗ ನಾಟಕ ಆಗಿರ್ತದ."

ಗರಿಗಳ ಭಾನುವಾರ ಮತ್ತೆ ಬಂತು. ಮೈದಾನ ತುಂಬಿತ್ತು. ಹುಬ್ಬಳ್ಳಿಯಿಂದ ಸೆಗುಲಾಬಾಯಿ ಬಂದಿದ್ದರು. ಅವರ ಪಕ್ಕ ವಲೇರಿಯನ್ನ ತಾಯಿ ಫ್ಲೇವಿಯಾ, ಅವರ ಪಕ್ಕ ರೇಗೊ ಟೀಚರ್.

ಪರದೆ ಸರಿದಾಗ ಕಂಡದ್ದು ಹಬ್ಬಕ್ಕೆ ಬಂದ ಜನ. ಒಬ್ಬ ಹೆಂಡತಿಯನ್ನು ಹುಡುಕುತ್ತಿದ್ದ. ಇಬ್ಬರು ಒಂದು ಕುರಿಮರಿಗಾಗಿ ಚೌಕಾಸಿ ಮಾಡುತ್ತಿದ್ದರು. ಒಬ್ಬಳು ನಾದಿನಿಯನ್ನು ಬೈಯುತ್ತಿದ್ದಳು. ಸಿಮ್ಹಾ ತಲೆಯ ಮೇಲೆ ಗಡಿಗೆ ಹೊತ್ತು ಬಂದು, "ಸರೀರಿ, ಸರೀರಿ, ಒಡದ್ರ ನಮ್ಮವ್ವ ಬಿಡಂಗಿಲ್ಲ" ಎಂದಳು. ಜೆರುಸಲೇಮಿನಲ್ಲಿ ಹುಬ್ಬಳ್ಳಿಯ ಮಾತು ಕೇಳಿ ಮೈದಾನ ನಕ್ಕಿತು. ತಮ್ಮ ಮನೆಯ ಮದುವೆಯ ಗದ್ದಲ ನೋಡಿದ ಹಾಗೆ ಜನ ಒಬ್ಬರನ್ನೊಬ್ಬರು ತಿವಿದುಕೊಂಡರು.

ಆ ನಗು ಇರುವಾಗಲೇ ರೋಮಿನ ಸೈನಿಕರು ಯೇಸುವನ್ನು ಎಳೆದುಕೊಂಡು ಬಂದರು. ಅವನು ಸಿಮ್ಹಾಳ ಮುಂದೆಯೇ ಹಾದುಹೋದ. ಅವಳು ಗಡಿಗೆಯನ್ನು ಎದೆಗೆ ಒತ್ತಿ ಹಿಡಿದು, ಬಿರುಕು ಬಿಟ್ಟಿದೆಯೇ ಎಂದು ತಿರುಗಿಸಿ ನೋಡಿದಳು.

ನಗು ನಿಂತಿತು.

ಲಿಗೋರಿ ಬಾಪ್ಪು ಸ್ವಂತ ಮೂಗಿನಲ್ಲಿ ಬಂದರು. ರೋಮಿನ ಅಧಿಕಾರಿಯ ಎದುರು ಕೈಕಟ್ಟಿ ನಿಂತ ಮುದುಕ. "ಇವನೊಬ್ಬನಿಗಾಗಿ ನೀವು ನಮ್ಮ ಊರನ್ನೇ ಸುಡುತ್ತೀರಿ. ಊರಿನಲ್ಲಿ ಮಕ್ಕಳಿದ್ದಾರೆ. ಇವನನ್ನು ಒಪ್ಪಿಸಿದ್ದೇನೆ, ಊರನ್ನು ಬಿಟ್ಟುಬಿಡಿ" ಎಂದರು. ಧ್ವನಿ ನಡುಗಿತು. ಅದು ತಾಲೀಮಿನಲ್ಲಿ ನಡುಗಿರಲಿಲ್ಲ.

ಒಂದು ಬೀಜವೂ ಬೀಳಲಿಲ್ಲ.

ನಾಟಕ ಮುಗಿದ ಮೇಲೆ ಬಾಪ್ಪು ವಲೇರಿಯನ್ನನ್ನು ಹುಡುಕಿಕೊಂಡು ಬಂದರು. ಬಣ್ಣ ಇನ್ನೂ ತೊಳೆದಿರಲಿಲ್ಲ.

"ಒಬ್ಬ ಮುದುಕ ಬಂದು ನನ್ನ ಕೈ ಹಿಡಿದುಕೊಂಡ ಮಾರಾಯ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆನೇನೋ, ಹೆದರಿಕೆ ಆಯಿತು ಎಂದ." ಅವರು ಕಣ್ಣು ಒರೆಸಿಕೊಂಡರು. "ಇಷ್ಟು ವರ್ಷದಲ್ಲಿ ನನಗೆ ಯಾರೂ ಹಾಗೆ ಹೇಳಿದ್ದಿಲ್ಲ."

ಗ್ಯಾಸ್ ದೀಪದ ಕೆಳಗೆ ಚಹಾ ಹಂಚುತ್ತಿದ್ದರು. ಪೇಟೆಯ ಪತ್ರಿಕೆಯವನೊಬ್ಬ ವಲೇರಿಯನ್ನನ್ನು ತಡೆದು ನಿಲ್ಲಿಸಿದ. ರೇಗೊ ಟೀಚರ್ ಜೀವಮಾನವೆಲ್ಲ ಓದಿದ್ದು ಇದನ್ನೇ ಅಲ್ಲವೇ, ಯೆಹೂದಿಗಳಿಗೂ ಕ್ರೈಸ್ತರಿಗೂ ಏನು ಸಂಬಂಧ ಎಂದು ಅವರಿಂದ ಒಂದು ವಾಕ್ಯ ಬೇಕಿತ್ತು ಎಂದ.

ವಲೇರಿಯನ್ ಟೀಚರನ್ನು ಹುಡುಕಿದ. ಅವರು ಒಂದು ಬೆಂಚಿನ ತುದಿಯಲ್ಲಿ ಚಹಾ ಹಿಡಿದು ಕೂತಿದ್ದರು. ಅದೇ ಬೆಂಚಿನಲ್ಲಿ ಸೆಗುಲಾಬಾಯಿ, ಫ್ಲೇವಿಯಾ.

"ಹಬ್ಬ ಬಂತಂದ್ರ ಹುಳಿ ಗಡಿಗಿ ಬಾಯಿ ಮುಚ್ಚಿ ಬಿಡ್ತೀವಿ" ಎನ್ನುತ್ತಿದ್ದರು ಸೆಗುಲಾಬಾಯಿ. "ಹುಳಿ ಬಂದದ್ದು ಏನೂ ತಿನ್ನೂದಿಲ್ಲ. ಅಕ್ಕಿ ಭಕ್ರಿ ಮಾಡ್ತೀವಿ."

"ಹಿಟ್ಟನ್ನು ಬಿಸಿನೀರಿನಲ್ಲಿ ಕಲಸುತ್ತೀರಾ?"

"ತಣ್ಣೀರಾಗ."

"ತಣ್ಣೀರಿನಲ್ಲಿ ಕಲಸಿದರೆ ರೊಟ್ಟಿ ಒಡೆಯುತ್ತದೆ."

"ನಮ್ಮ ಮನ್ಯಾಗ ಯಾರದ್ದೂ ಒಡದಿಲ್ಲ."

"ಅದು ಹೇಗೆ ಒಡೆಯದೆ ಇರುತ್ತದೆ? ನನ್ನ ಅತ್ತೆ ಸಾಯುವವರೆಗೂ ಬಿಸಿನೀರಿನಲ್ಲೇ ಕಲಸಿದ್ದು."

"ನಿಮ್ಮ ಅತ್ತಿಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ, ಪಾಪ."

ಫ್ಲೇವಿಯಾ ಚಹಾದ ಲೋಟ ಕೆಳಗಿಟ್ಟು ಪೂರ್ತಿ ಅವರ ಕಡೆ ತಿರುಗಿ ಕೂತರು. ಸೆಗುಲಾಬಾಯಿ ಗಾಳಿಯಲ್ಲೇ ಹಿಟ್ಟು ನಾದಿ ತೋರಿಸತೊಡಗಿದರು. ಫ್ಲೇವಿಯಾ ಅವರ ಎರಡೂ ಕೈ ಹಿಡಿದು, ಹಾಗಲ್ಲ, ಹೀಗೆ ಎಂದರು.

ವಲೇರಿಯನ್ ಬಗ್ಗಿ ಟೀಚರ ಕಿವಿಯ ಹತ್ತಿರ ಹೇಳಿದ. "ಟೀಚರ್, ಪತ್ರಿಕೆಯವರು ಕಾಯುತ್ತಿದ್ದಾರೆ. ಯೆಹೂದಿಗಳಿಗೂ ಕ್ರೈಸ್ತರಿಗೂ ಏನು ಸಂಬಂಧ ಎಂದು ಒಂದು ವಾಕ್ಯದಲ್ಲಿ ಹೇಳಬೇಕಂತೆ."

ಟೀಚರ್ ಆ ಇಬ್ಬರು ಹೆಂಗಸರಿಂದ ಕಣ್ಣು ತೆಗೆಯಲಿಲ್ಲ.

"ಸ್ವಲ್ಪ ತಡಿ" ಎಂದರು. "ಅವರ ಮಾತು ಇನ್ನೂ ಮುಗಿದಿಲ್ಲ."